ಮಳೆಗಾದೆಗಳು: ಸಂಗ್ರಹದಿಂದ ಪರಿಶೀಲನೆಯ ಕಡೆಗೆ

ಕನ್ನಡದ ಯಾವುದೇ ಗಾದೆ ಸಂಕಲನವನ್ನು ತೆರೆದರೂ ಮಳೆಗೆ ಸಂಬಂಧಿಸಿದ ಗಾದೆಗಳು ಹೇರಳವಾಗಿ ದೊರೆಯುತ್ತವೆ. ‘ಅಶ್ವಿನಿ ಸಸ್ಯನಾಶಿನಿ’, ‘ಭರಣಿ ಮಳೆ ಧರಣಿ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’, ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’, ‘ಆಶ್ಲೇಷ ಮಳೆ ಈಸಲಾರದ ಹೊಳೆ’, ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಮೊದಲಾದವು ರೈತರ ಮಾತಿನಿಂದ ಪಠ್ಯಪುಸ್ತಕಕ್ಕೂ ಸಭೆಯ ಭಾಷಣಕ್ಕೂ ಬಂದು ಸೇರಿವೆ. ಇವುಗಳ ಜೊತೆಗೆ ಇರುವೆ, ಕಪ್ಪೆ, ಗಾಳಿ, ಮೋಡ, ಚಂದ್ರನ ಸುತ್ತಲಿನ ಪರಿವೇಷ ಮುಂತಾದವನ್ನು ಕಂಡು ಮಳೆಯನ್ನು ಊಹಿಸುವ ನೂರಾರು ಹೇಳಿಕೆಗಳೂ ಸಂಗ್ರಹಗೊಂಡಿವೆ.

ಈ ಸಾಮಗ್ರಿಯನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ನಿಲುವುಗಳಲ್ಲಿ ಒಂದನ್ನು ತಳೆಯುತ್ತ ಬಂದಿದೆ. ಇವು ಹಿರಿಯರ ಶತಮಾನಗಳ ಅನುಭವದ ಸಾರ, ಹವಾಮಾನ ಶಾಸ್ತ್ರಕ್ಕೆ ಸರಿಸಮನಾದ ದೇಸಿ ವಿಜ್ಞಾನ ಎಂಬುದು ಒಂದು. ಇವು ಪಂಚಾಂಗದ ನಂಬಿಕೆಗಳು ನಾಲಗೆಗೆ ಇಳಿದ ರೂಪ, ಸಾಹಿತ್ಯಕ ಬೆಲೆಯಲ್ಲದೆ ಇವುಗಳಿಗೆ ಬೇರೆ ಬೆಲೆಯಿಲ್ಲ ಎಂಬುದು ಇನ್ನೊಂದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ನಿಲುವುಗಳೂ ಒಂದೇ ದುರ್ಬಲ ತಳಹದಿಯ ಮೇಲೆ ನಿಂತಿವೆ. ಗಾದೆಯ ವಾಕ್ಯವೊಂದೇ ಎರಡಕ್ಕೂ ಆಧಾರ. ಆ ವಾಕ್ಯವನ್ನು ಯಾವ ಊರಿನವರು, ಯಾವ ಬಗೆಯ ಮಣ್ಣಿನಲ್ಲಿ ಉತ್ತು ಬಿತ್ತುವವರು, ಯಾವ ಬೆಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು ಎಂಬ ವಿವರ ಬಹುಪಾಲು ಸಂಗ್ರಹಗಳಲ್ಲಿ ಇಲ್ಲ. ಆದ್ದರಿಂದ ಮಳೆಗಾದೆಗಳು ನಿಜವೋ ಸುಳ್ಳೋ ಎಂಬ ಪ್ರಶ್ನೆಗೆ ಈಗಿರುವ ಸಾಮಗ್ರಿಯಿಂದ ಉತ್ತರ ಹೇಳಲು ಬರುವುದಿಲ್ಲ. ಉತ್ತರ ಸಾಧ್ಯವಾಗಬೇಕಾದರೆ ಸಂಗ್ರಹದ ಕ್ರಮವೇ ಬದಲಾಗಬೇಕು. ಆ ಬದಲಾವಣೆ ಹವಾಮಾನ ಇಲಾಖೆಯಿಂದ ಬರುವಂಥದ್ದಲ್ಲ. ಅದು ಕನ್ನಡ ಮತ್ತು ಜಾನಪದ ವಿಭಾಗಗಳ ಹೊಣೆ.

1. ಒಂದೇ ಹೆಸರಿನಡಿ ನಾಲ್ಕು ಬಗೆ

‘ಜನಪದ ಹವಾಮಾನ ಜ್ಞಾನ’ ಎಂಬ ಒಂದೇ ತಲೆಬರಹದ ಕೆಳಗೆ ಬೇರೆ ಬೇರೆ ಸ್ವಭಾವದ ನಾಲ್ಕು ಬಗೆಯ ಸಾಮಗ್ರಿ ಬೆರೆತುಹೋಗಿದೆ. ಮೊದಲನೆಯದು ಪಂಚಾಂಗದ ಫಲ. ಯುಗಾದಿಯಂದು ನಡೆಯುವ ಪಂಚಾಂಗ ಶ್ರವಣದಲ್ಲಿ ಆ ವರ್ಷದ ರಾಜ, ಮಂತ್ರಿ, ಮೇಘಾಧಿಪತಿಗಳನ್ನು ಹೇಳುವುದು, ಮಳೆಯ ಪ್ರಮಾಣವನ್ನು ಕೊಳಗದ ಲೆಕ್ಕದಲ್ಲಿ ತಿಳಿಸುವುದು, ಉತ್ತರ ಕರ್ನಾಟಕದ ಕಡೆ ಒಂದೊಂದು ಮಳೆಗೂ ಕಪ್ಪೆ, ಆನೆ, ನವಿಲು ಮುಂತಾದ ವಾಹನವನ್ನು ಗುರುತಿಸುವುದು ಈ ಬಗೆಗೆ ಸೇರುತ್ತವೆ. ಇದು ಗಣಿತದಿಂದ ಬರುವ ಫಲವೇ ಹೊರತು ಆಕಾಶವನ್ನು ನೋಡಿ ಹೇಳಿದ್ದಲ್ಲ. ಎರಡನೆಯದು ಕಾರಣಿಕ. ಭಾರತ ಹುಣ್ಣಿಮೆಯ ಸಮಯದಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಮಾತು ಇದಕ್ಕೆ ಪ್ರಸಿದ್ಧ ನಿದರ್ಶನ. ಆ ಒಗಟಿನಂಥ ಮಾತಿಗೆ ಮಳೆ ಬೆಳೆಗಳ ಅರ್ಥವನ್ನು ಕಟ್ಟುವವರು ಕೇಳುಗರು.

ಮೂರನೆಯದು ನಕ್ಷತ್ರಮಳೆಯ ಗಾದೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು ಹದಿಮೂರೂವರೆ ದಿನಗಳ ಅವಧಿಗೆ ಆ ನಕ್ಷತ್ರದ ಹೆಸರಿನ ಮಳೆ ಎಂದು ಹೆಸರು. ಈಗಿನ ಲೆಕ್ಕದಲ್ಲಿ ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮೃಗಶಿರ ಅಥವಾ ಮಿರಗ ಜೂನ್ 8ರ ಸುಮಾರಿಗೆ, ಆರಿದ್ರೆ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಈ ಗಾದೆಗಳು ನಾಳಿನ ಮಳೆಯನ್ನು ಹೇಳುವುದಿಲ್ಲ. ವರ್ಷದ ಆ ಹೊತ್ತಿನಲ್ಲಿ ಬರುವ ಮಳೆಯಿಂದ ಯಾವ ಫಲವನ್ನು ನಿರೀಕ್ಷಿಸಬಹುದು, ಯಾವ ಕೆಲಸಕ್ಕೆ ಕೈಹಾಕಬಹುದು ಎಂಬುದನ್ನು ಹೇಳುತ್ತವೆ. ಹೀಗೆ ಅವು ಮುನ್ಸೂಚನೆಗಿಂತ ಹೆಚ್ಚಾಗಿ ಬೇಸಾಯದ ಕಾಲಪಟ್ಟಿ. ನಾಲ್ಕನೆಯದು ತತ್‌ಕ್ಷಣದ ಸೂಚನೆ. ಇರುವೆಗಳು ಮೊಟ್ಟೆಯನ್ನು ಹೊತ್ತು ಜಾಗ ಬದಲಿಸುವುದು, ಗಾಳಿ ದಿಕ್ಕು ತಿರುಗುವುದು, ಚಂದ್ರನ ಸುತ್ತ ಗುಡಿ ಕಟ್ಟುವುದು ಮುಂತಾದವು ಕೆಲವು ಗಂಟೆಗಳಿಂದ ಒಂದೆರಡು ದಿನಗಳವರೆಗಿನ ಊಹೆಗೆ ಸಂಬಂಧಿಸಿದವು.

ಈ ನಾಲ್ಕನ್ನೂ ಒಂದೇ ಒರೆಗಲ್ಲಿಗೆ ಉಜ್ಜುವುದು ಸರಿಯಲ್ಲ. ಪರಿವೇಷದ ಸೂಚನೆಗೆ ಭೌತಿಕ ಕಾರಣವಿದೆ. ಎತ್ತರದ ತೆಳುಮೋಡದಲ್ಲಿರುವ ಹಿಮದ ಹರಳುಗಳ ಮೂಲಕ ಬೆಳಕು ಬಾಗಿದಾಗ ಚಂದ್ರನಿಂದ ಸುಮಾರು 22 ಅಂಶ ದೂರದಲ್ಲಿ ದೊಡ್ಡ ಉಂಗುರ ಕಾಣುತ್ತದೆ. ಅಂಥ ಮೋಡ ಕೆಲವೊಮ್ಮೆ ಮಳೆ ತರುವ ಮೋಡಗಳಿಗಿಂತ ಮುಂಚೆ ಬರುತ್ತದೆ. ವಾಹನದ ಲೆಕ್ಕಕ್ಕೆ ಇಂಥ ಕಾರಣವಿಲ್ಲ. ಮೊದಲನೆಯದರ ನಿಜವನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದಾಗಲಿ, ಎರಡನೆಯದರ ಹುಸಿಯನ್ನು ತೋರಿಸಿ ಮೊದಲನೆಯದನ್ನು ತಳ್ಳಿಹಾಕುವುದಾಗಲಿ ವಾದದ ದೋಷವಾಗುತ್ತದೆ.

ಹಾಗೆಂದು ಈ ಬಗೆಗಳ ನಡುವೆ ಗೋಡೆಯೂ ಇಲ್ಲ. ಇರುವೆಗಳು ಮೊಟ್ಟೆ ಸಾಗಿಸುವುದನ್ನು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯೂ ಸದ್ಯದ ಮಳೆಯ ಲಕ್ಷಣವಾಗಿ ಎಣಿಸಿದೆ. ಕನ್ನಡದಲ್ಲಿ ಸುಮಾರು 1300ರ ಕಾಲದ ರಟ್ಟಕವಿಯ ‘ರಟ್ಟಮತ’ ಮಳೆ, ಮಿಂಚು, ಭೂಕಂಪ, ಶಕುನಗಳನ್ನೇ ವಸ್ತುವಾಗಿ ಉಳ್ಳ ಜೈನ ಕೃತಿ. ಆದ್ದರಿಂದ ಒಂದು ಹೇಳಿಕೆ ಹೊಲದಿಂದ ಗ್ರಂಥಕ್ಕೆ ಹೋಯಿತೋ ಗ್ರಂಥದಿಂದ ಹೊಲಕ್ಕೆ ಇಳಿಯಿತೋ ಎಂಬುದು ಪ್ರತಿಯೊಂದು ಸಂದರ್ಭದಲ್ಲಿಯೂ ಕೇಳಬೇಕಾದ ಪ್ರಶ್ನೆ. ‘ಅಶ್ವಿನಿ ಸಸ್ಯನಾಶಿನಿ’ ಎಂಬ ಗಾದೆಯಲ್ಲಿ ಒಂದು ಅಚ್ಚಗನ್ನಡ ಪದವೂ ಇಲ್ಲ ಎಂಬುದು ಈ ದೃಷ್ಟಿಯಿಂದ ಗಮನಾರ್ಹ. ಅಶ್ವಿನಿ ಬರುವುದು ಏಪ್ರಿಲ್ ಮಧ್ಯದಲ್ಲಿ. ಆಗ ಮಳೆಯನ್ನೇ ನಂಬಿದ ಬಯಲುಸೀಮೆಯ ಹೊಲದಲ್ಲಿ ಸಾಮಾನ್ಯವಾಗಿ ನಿಂತ ಬೆಳೆ ಇರುವುದಿಲ್ಲ. ಹಾಗಾದರೆ ನಾಶವಾಗುವ ಸಸ್ಯ ಯಾವುದು? ಮಾವಿನ ಕಾಯಿಯೆ, ನೀರಾವರಿಯ ಬೇಸಗೆ ಬೆಳೆಯೆ, ಕಣದಲ್ಲಿ ಉಳಿದ ಕಾಳೆ? ಹೇಳಿದವರನ್ನು ಕೇಳಿ ಬರೆದುಕೊಂಡಿದ್ದರೆ ಒಂದು ವಾಕ್ಯದಲ್ಲಿ ಮುಗಿಯುತ್ತಿದ್ದ ಪ್ರಶ್ನೆ ಇಂದು ಊಹೆಯ ವಸ್ತುವಾಗಿದೆ.

2. ಊರನ್ನು ಕಳೆದುಕೊಂಡ ಗಾದೆ

ಗಾದೆ ಸಂಗ್ರಹಗಳಲ್ಲಿ ಅಕಾರಾದಿ ಕ್ರಮ ರೂಢಿಯಾಗಿದೆ. ಹುಡುಕುವವರಿಗೆ ಅದು ಅನುಕೂಲವೇ. ಆದರೆ ಮಳೆಗಾದೆಗಳ ಮಟ್ಟಿಗೆ ಈ ಕ್ರಮ ಮಾಡಿರುವ ಹಾನಿ ಸಣ್ಣದಲ್ಲ. ಅಶ್ವಿನಿಯಿಂದ ವಿಶಾಖೆಯವರೆಗೆ ಒಂದರ ಹಿಂದೆ ಒಂದು ಬರುವ ಮಳೆಗಳ ಸರಣಿಯನ್ನು ಅಕ್ಷರಮಾಲೆ ಚದುರಿಸುತ್ತದೆ. ಆರಿದ್ರೆ, ಆಶ್ಲೇಷಗಳು ಅಕ್ಕಪಕ್ಕದಲ್ಲಿ ಬಂದು, ಅವುಗಳ ನಡುವಿನ ಪುನರ್ವಸು, ಪುಷ್ಯಗಳು ಬೇರೆ ಪುಟಕ್ಕೆ ಹೋಗುತ್ತವೆ. ಒಂದು ಮಳೆ ತಪ್ಪಿದರೆ ಮುಂದಿನ ಮಳೆಗೆ ಏನು ಮಾಡಬೇಕು ಎಂಬ ಪರ್ಯಾಯದ ಚಿಂತನೆ ಈ ಸರಣಿಯ ಜೀವಾಳ. ಅದು ಬಿಡಿ ಗಾದೆಯಲ್ಲಿ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಸ್ಥಳದ್ದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಚಳ್ಳಕೆರೆಯ ಕಡೆ ಐದುನೂರು ಮಿಲಿಮೀಟರ್ ಆದರೆ ಅದೇ ಹೆಚ್ಚು. ಒಂದೇ ರಾಜ್ಯದೊಳಗೆ ಇಷ್ಟು ಅಂತರವಿರುವಾಗ ‘ಕನ್ನಡ ಜನಪದರ ಮಳೆಜ್ಞಾನ’ ಎಂಬ ಮಾತಿಗೆ ಅರ್ಥ ಹುಡುಕುವುದೇ ಕಷ್ಟ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬುದು ಮುಂಗಾರಿ ಜೋಳ ಬಿತ್ತುವ ಸೀಮೆಯಲ್ಲಿ ಹುಟ್ಟಬಹುದಾದ ಮಾತು. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವವರು ಕಾಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉತ್ತರೆ, ಹಸ್ತ ಮಳೆಗಳನ್ನು. ಮಲೆನಾಡಿನ ಭತ್ತದ ರೈತನಿಗೆ ಈ ಗಾದೆಯ ಜೋಳವೇ ಅಪರಿಚಿತ. ಮೈಸೂರು, ಚಾಮರಾಜನಗರಗಳ ಕಡೆ ಮುಂಗಾರುಪೂರ್ವ ಮಳೆಗೆ ಎಳ್ಳು, ಅಲಸಂದೆ ಬಿತ್ತುವವರಿಗೆ ರೋಹಿಣಿಗಿಂತ ಭರಣಿಯೇ ಮುಖ್ಯ. ಭರಣಿಯನ್ನು ಹೊಗಳುವ ಗಾದೆಯೂ ರೋಹಿಣಿಯನ್ನು ಹೊಗಳುವ ಗಾದೆಯೂ ಒಂದೇ ಊರಿನವಾಗಿರಬೇಕಿಲ್ಲ. ಒಂದೇ ಪುಸ್ತಕದಲ್ಲಿ ಅವು ಒಟ್ಟಿಗೆ ಇರುವುದರಿಂದ ಒಂದೇ ಜ್ಞಾನಪದ್ಧತಿಯ ಭಾಗಗಳೆಂಬ ಭ್ರಮೆ ಹುಟ್ಟುತ್ತದೆ.

‘ಮಳೆ ಬಂದರೆ’ ಎಂಬ ಮಾತಿನ ಅಳತೆಯೂ ಊರಿಂದ ಊರಿಗೆ ಬೇರೆ. ರೈತನ ಅಳತೆ ಮಿಲಿಮೀಟರ್ ಅಲ್ಲ, ಹದ. ಉಳುವ ಹದ ಬೇರೆ, ಬಿತ್ತುವ ಹದ ಬೇರೆ. ಕೆಮ್ಮಣ್ಣಿಗೆ ಹದ ತರುವ ಮಳೆ ಎರೆಮಣ್ಣಿನ ಮೇಲುಪದರವನ್ನಷ್ಟೇ ನೆನೆಸಿ ಹೋಗಬಹುದು. ಈ ಪದದ ಅರ್ಥವನ್ನು ನೆಲದ ಸಮೇತ ದಾಖಲಿಸದೆ ಗಾದೆಯ ನಿಜವನ್ನು ಅಳೆಯುವುದು ಹೇಗೆ?

ಸಂಪಾದನೆಯ ಹಂತದಲ್ಲಿಯೂ ನಷ್ಟವಾಗಿದೆ. ಮಿರಗ, ಆರಿದ್ರೆ, ಹುಬ್ಬೆ, ಚಿತ್ತೆ ಎಂಬ ಜನರ ಉಚ್ಚಾರಗಳನ್ನು ಮೃಗಶಿರಾ, ಆರ್ದ್ರಾ, ಪೂರ್ವಾ, ಚಿತ್ರಾ ಎಂದು ತಿದ್ದಿದಾಗ ಪ್ರಾದೇಶಿಕತೆಯನ್ನು ಗುರುತಿಸಲು ಉಳಿದಿದ್ದ ಕೊನೆಯ ಸುಳಿವೂ ಅಳಿಸಿಹೋಗುತ್ತದೆ.

3. ಪ್ರಾಸವೋ ಅನುಭವವೋ?

ಸಾಹಿತ್ಯದ ವಿದ್ಯಾರ್ಥಿಗಳಷ್ಟೇ ಕೇಳಬಹುದಾದ ಪ್ರಶ್ನೆಯೊಂದು ಇಲ್ಲಿದೆ. ಭರಣಿಗೆ ಧರಣಿ, ರೋಹಿಣಿಗೆ ಓಣಿ, ಆರಿದ್ರೆಗೆ ದರಿದ್ರ, ವಿಶಾಖೆಗೆ ಪಿಶಾಚಿ ಎಂದು ಜೋಡಿಸಿದ್ದು ಅನುಭವವೋ ಪ್ರಾಸವೋ? ಗಾದೆ ನೆನಪಿನಲ್ಲಿ ನಿಲ್ಲಲು ಪ್ರಾಸ ಬೇಕು. ಆದರೆ ಪ್ರಾಸಕ್ಕಾಗಿಯೇ ಒಂದು ಮಳೆಗೆ ಒಂದು ಗುಣ ಅಂಟಿಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಇದನ್ನು ಬಿಡಿಸಲು ನೆರೆಭಾಷೆಗಳ ತೌಲನಿಕ ಅಧ್ಯಯನ ನೆರವಾಗುತ್ತದೆ. ತೆಲುಗಿನಲ್ಲಿ ರೋಹಿಣಿ ಕಾರ್ತೆಯ ಬಿಸಿಲಿಗೆ ರೋಳು, ಅಂದರೆ ಒರಳುಕಲ್ಲು, ಬಿರಿಯುತ್ತದೆ ಎಂಬ ಮಾತು ಮನೆಮಾತಾಗಿದೆ. ಕನ್ನಡದಲ್ಲಿ ಓಣಿಗೆ ಜೋಳ ತರುವ ರೋಹಿಣಿಯೇ ಅಲ್ಲಿ ಕಲ್ಲನ್ನು ಸೀಳುವ ಬಿಸಿಲು. ಎರಡೂ ಪ್ರಾಸಬದ್ಧವಾದವು, ಎರಡೂ ತಮ್ಮ ತಮ್ಮ ನೆಲದಲ್ಲಿ ಒಪ್ಪುವಂಥವು. ಮೇ ತಿಂಗಳ ಕೊನೆಯಲ್ಲಿ ಆಂಧ್ರ, ತೆಲಂಗಾಣಗಳಲ್ಲಿ ಬಿಸಿಗಾಳಿ ಉಗ್ರವಾಗಿರುತ್ತದೆ. ಕರ್ನಾಟಕದ ಒಳನಾಡಿನಲ್ಲಿ ಅದೇ ಹೊತ್ತಿಗೆ ಗುಡುಗುಮಳೆ ಕಾಣಿಸಿಕೊಳ್ಳುತ್ತದೆ. ಹೀಗೆ ಹವೆ ಬೇರೆಯಾದಲ್ಲಿ ಗಾದೆಯೂ ಬೇರೆಯಾಗಿರುವುದು ಪ್ರಾಸದ ಹಿಂದೆ ಅನುಭವವಿದೆ ಎಂಬುದಕ್ಕೆ ಬಲವಾದ ಸಾಕ್ಷ್ಯ. ಇದಕ್ಕೆ ವಿರುದ್ಧವಾಗಿ ಆರಿದ್ರೆ ಮತ್ತು ದಾರಿದ್ರ್ಯಗಳ ಜೋಡಿ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಒಂದೇ ಬಗೆಯಾಗಿದೆ. ಎರಡು ಭಾಷೆಗಳು ಒಂದೇ ಮಾತನ್ನು ಹೇಳುತ್ತವೆ ಎಂದು ಇದನ್ನು ಎರಡು ಸಾಕ್ಷ್ಯಗಳೆಂದು ಎಣಿಸಲಾಗದು. ಸಂಸ್ಕೃತ ಮೂಲದ ಎರಡು ಪದಗಳ ಪ್ರಾಸವೇ ಭಾಷೆಯ ಗಡಿ ದಾಟಿ ಬಂದಿರಬಹುದು. ಗಾದೆಗಳ ಹೋಲಿಕೆಯನ್ನು ಸತ್ಯಕ್ಕೆ ಪುರಾವೆಯೆಂದು ಭಾವಿಸುವ ರೂಢಿಗೆ ಇದೊಂದು ಎಚ್ಚರಿಕೆ. ಮಳೆಗಾದೆಗಳ ಮಟ್ಟಿಗೆ ಭಿನ್ನತೆಯೇ ಹೆಚ್ಚು ಬೆಲೆಯುಳ್ಳ ಸಾಕ್ಷ್ಯ.

4. ಜಾರುವ ಪಂಚಾಂಗ, ತಿದ್ದಿಕೊಳ್ಳುವ ಗಾದೆ

ಮಳೆಗಾದೆಗಳನ್ನು ‘ಸಾವಿರಾರು ವರ್ಷಗಳ ಜ್ಞಾನ’ ಎಂದು ಕೊಂಡಾಡುವವರು ಒಂದು ಸರಳವಾದ ಲೆಕ್ಕವನ್ನು ಗಮನಿಸಿದಂತಿಲ್ಲ. ಮುಂಗಾರು ಋತುವಿಗೆ ಬದ್ಧವಾದುದು. ಋತು ಸೂರ್ಯನ ಅಯನಕ್ಕೆ ಬದ್ಧವಾದುದು. ಮಳೆಯ ಹೆಸರುಗಳಾದರೋ ನಕ್ಷತ್ರಗಳಿಗೆ ಬದ್ಧವಾದವು. ನಾಕ್ಷತ್ರಿಕ ವರ್ಷ ಋತುವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೀರ್ಘ. ಇದರಿಂದ ನಕ್ಷತ್ರಗಳ ಲೆಕ್ಕ, ಪಂಚಾಂಗದ ಗಣಿತಕ್ರಮವನ್ನು ಅನುಸರಿಸಿ, 60ರಿಂದ 72 ವರ್ಷಗಳಿಗೆ ಒಂದು ದಿನದಂತೆ ಋತುವಿನಲ್ಲಿ ಹಿಂದಕ್ಕೆ ಬೀಳುತ್ತದೆ. ಒಂದು ಕಾಲಕ್ಕೆ ಉತ್ತರಾಯಣದ ಆರಂಭದೊಡನೆ ಕೂಡಿದ್ದ ಮಕರ ಸಂಕ್ರಾಂತಿ ಈಗ ಜನವರಿ 14 ಅಥವಾ 15ಕ್ಕೆ ಬರುತ್ತಿರುವುದೂ, ನಿಜವಾದ ಅಯನ ಬದಲಾವಣೆ ಡಿಸೆಂಬರ್ 21, 22ರಲ್ಲೇ ಆಗುವುದೂ ಇದೇ ಕಾರಣಕ್ಕೆ.

ಈ ಲೆಕ್ಕದಲ್ಲಿ ‘ರಟ್ಟಮತ’ದ ಕಾಲದಿಂದ ಇಂದಿನವರೆಗೆ ಹತ್ತರಿಂದ ಹನ್ನೆರಡು ದಿನಗಳ ವ್ಯತ್ಯಾಸವಾಗಿದೆ. ಅಂದರೆ ಹತ್ತಿರ ಹತ್ತಿರ ಒಂದು ಮಳೆಯಷ್ಟು. ಆ ಕಾಲದ ರೋಹಿಣಿ ಮಳೆ ಋತುವಿನ ದೃಷ್ಟಿಯಿಂದ ಈಗಿನ ಕೃತ್ತಿಕೆಯ ಆರಂಭದ ದಿನಗಳಲ್ಲಿ ಬರುತ್ತಿತ್ತು. ಹೀಗಿರುವಾಗ ಇಂದಿನ ರೋಹಿಣಿಗೆ ಇಂದಿನ ಗಾದೆ ಒಪ್ಪುತ್ತದೆ ಎಂದಾದರೆ ಎರಡರಲ್ಲಿ ಒಂದು ನಿಜವಾಗಿರಬೇಕು. ಆ ಗಾದೆ ಬಹಳ ಹಳೆಯದಲ್ಲ. ಇಲ್ಲವೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವಾಗ ಜನರು ಅದನ್ನು ತಿದ್ದಿಕೊಂಡಿದ್ದಾರೆ. ಎರಡನೆಯದು ನಿಜವಾದರೆ ಅದು ಪರಂಪರೆಗೆ ಅಗೌರವವಲ್ಲ, ಹೆಚ್ಚಿನ ಗೌರವ. ಒಪ್ಪದ ಗಾದೆ ಮರೆತುಹೋಗುವುದು, ಒಪ್ಪುವ ಗಾದೆ ಹೊಸದಾಗಿ ಹುಟ್ಟುವುದು ಮೌಖಿಕ ಪರಂಪರೆಯ ಸಹಜ ಗುಣ. ಅಚ್ಚಾದ ಗಾದೆಗೆ ಈ ಗುಣವಿಲ್ಲ. ಅದು ನಿಂತಲ್ಲಿಯೇ ನಿಲ್ಲುತ್ತದೆ. ಋತು ಮುಂದೆ ಸಾಗುತ್ತದೆ. ‘ಪ್ರಾಚೀನ ಜ್ಞಾನ’ವೆಂದು ಹೆಪ್ಪುಗಟ್ಟಿಸುವವರು ಈ ಪರಂಪರೆಯ ಅತ್ಯಂತ ಮುಖ್ಯ ಶಕ್ತಿಯನ್ನೇ ಕಡೆಗಣಿಸುತ್ತಿದ್ದಾರೆ.

5. ಒಪ್ಪಿದ್ದನ್ನಷ್ಟೇ ಎಣಿಸುವ ದೋಷ

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ಭೂಕುಸಿತ, ನೆರೆಗಳಾದವು. 2019ರ ಆಗಸ್ಟ್ ಮೊದಲ ವಾರದಿಂದ ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳು ಪ್ರವಾಹಕ್ಕೆ ಸಿಕ್ಕಿದವು. ಎರಡೂ ಆಶ್ಲೇಷ ಮಳೆಯ ದಿನಗಳು, ಅಥವಾ ಅದರ ಅಂಚು. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆ ನಿಜವಾಯಿತೆಂದು ಹೇಳುವುದು ಸುಲಭ. ಆದರೆ 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಹಾಪೂರ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ, ಹಸ್ತ ಮಳೆಯಲ್ಲಿ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಒಪ್ಪಿದ ವರ್ಷಗಳನ್ನು ನೆನಪಿಟ್ಟು ಒಪ್ಪದ ವರ್ಷಗಳನ್ನು ಮರೆತರೆ ಯಾವ ಗಾದೆಯೂ ಸುಳ್ಳಾಗುವುದಿಲ್ಲ. ಸುಳ್ಳಾಗುವ ಅವಕಾಶವೇ ಇಲ್ಲದ ಮಾತು ರೈತನ ಉಪಯೋಗಕ್ಕೆ ಬಾರದು.

ಹವಾಮಾನ ಶಾಸ್ತ್ರವೂ ತಪ್ಪುತ್ತದೆ ಎಂಬ ವಾದ ಇಲ್ಲಿ ಮುಂದೆ ಬರುತ್ತದೆ. ಅದು ನಿಜವೇ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ 2002ರಲ್ಲಿ ಸಾಮಾನ್ಯ ಮುಂಗಾರನ್ನು ನಿರೀಕ್ಷಿಸಿತ್ತು. ಆದದ್ದು ದೀರ್ಘಾವಧಿ ಸರಾಸರಿಯ ಶೇಕಡ 81ರಷ್ಟು ಮಳೆ, ದೊಡ್ಡ ಬರಗಾಲ. ಆದರೆ ಆ ಮುನ್ಸೂಚನೆ ಬರಹದಲ್ಲಿತ್ತು. ಆದ ಮಳೆಯ ಲೆಕ್ಕವೂ ಬರಹದಲ್ಲಿತ್ತು. ತಪ್ಪು ಎಷ್ಟೆಂದು ತಿಳಿದದ್ದರಿಂದಲೇ ಮರುವರ್ಷ ಇಲಾಖೆ ತನ್ನ ಮಾದರಿಯನ್ನು ಬದಲಿಸಿತು. ಜನಪದರೂ ತಮ್ಮ ಗಾದೆಗಳನ್ನು ಬದಲಿಸಿಕೊಂಡಿರಬಹುದು ಎಂದು ಹಿಂದಿನ ಭಾಗದಲ್ಲಿ ಊಹಿಸಿದ್ದಷ್ಟೆ. ಅದನ್ನು ತೋರಿಸುವ ದಾಖಲೆ ಬೇಕು.

ಪರಿಶೀಲನೆಗೆ ಬೇಕಾದ ಅರ್ಧ ಸಾಮಗ್ರಿ ಈಗ ಸಿದ್ಧವಾಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯತಿಗಳ ಮಟ್ಟದವರೆಗೆ ಹರಡಿವೆ. ಯಾವ ಊರಿನ ಸುತ್ತ ಯಾವ ದಿನ ಎಷ್ಟು ಮಳೆಯಾಯಿತು ಎಂಬುದು ತಿಳಿಯುವಂತಾಗಿದೆ. ಇಲ್ಲದಿರುವುದು ಇನ್ನೊಂದು ಅರ್ಧ. ಆ ಊರಿನ ಗಾದೆ ಯಾವುದು, ಅದಕ್ಕೆ ಅಲ್ಲಿನವರು ಹೇಳುವ ಅರ್ಥವೇನು, ಅದನ್ನು ನಂಬಿ ಅವರು ಏನು ಮಾಡಿದರು ಎಂಬುದು ಯಾವ ಮಾಪಕದಲ್ಲಿಯೂ ದಾಖಲಾಗುವುದಿಲ್ಲ.

6. ವಿಭಾಗಗಳು ಮಾಡಬಹುದಾದ ಕೆಲಸ

ಮಾಡಬೇಕಾದ ಕೆಲಸ ದುಬಾರಿಯಾದುದೇನಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ಸ್ನಾತಕೋತ್ತರ ವಿದ್ಯಾರ್ಥಿಗೆ ಗಾದೆಯ ವಾಕ್ಯದ ಜೊತೆಗೆ ಕೆಲವು ಅಂಶಗಳನ್ನು ಕಡ್ಡಾಯವಾಗಿ ಬರೆದುಕೊಳ್ಳುವಂತೆ ಸೂಚಿಸಿದರೆ ಸಾಕು. ಊರು ಮತ್ತು ಹೋಬಳಿ, ಮಣ್ಣಿನ ಬಗೆ, ನೀರಾವರಿಯೋ ಮಳೆಯಾಶ್ರಿತವೋ ಎಂಬುದು, ಗಾದೆ ಸೂಚಿಸುವ ಬೆಳೆ, ‘ಮಳೆ ಬಂದರೆ’ ಎಂಬುದಕ್ಕೆ ಹೇಳುವವರು ಕೊಡುವ ಅಳತೆ, ಅವರ ಬಾಯಲ್ಲಿ ಬಂದ ಹಾಗೆಯೇ ಮಳೆಯ ಹೆಸರು, ಈ ಗಾದೆ ತಪ್ಪಿದ ವರ್ಷದ ನೆನಪಿದೆಯೆ ಎಂಬುದು. ಕೊನೆಯ ಪ್ರಶ್ನೆ ಬಹು ಮುಖ್ಯವಾದುದು. ಗಾದೆಯನ್ನು ಹೇಳಿಸುವ ಸಂಗ್ರಾಹಕರು ಅದರ ಸೋಲನ್ನು ಕೇಳುವುದು ವಿರಳ. ಬೀಜವನ್ನು ಆರಿಸಿ, ಕಾಯ್ದಿಡುವ ಹೆಂಗಸರನ್ನು ಈ ಪ್ರಶ್ನೆಗಳಿಂದ ಹೊರಗಿಡಬಾರದು. ಬಿತ್ತಿದ ಬೀಜ ಕಮರಿದರೆ ಎರಡನೆಯ ಬಿತ್ತನೆಗೆ ಮನೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಬಲ್ಲವರು ಅವರು.

ಹಳೆಯ ಸಂಗ್ರಹಗಳೂ ಸಂಪೂರ್ಣವಾಗಿ ಕೈಬಿಟ್ಟುಹೋಗಿಲ್ಲ. ಅಚ್ಚಿನಲ್ಲಿ ಬಿಟ್ಟುಹೋದ ವಿವರ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳಲ್ಲಿ, ಧ್ವನಿಸುರುಳಿಗಳಲ್ಲಿ ಉಳಿದಿರುವ ಸಂಭವವಿದೆ. ಅವುಗಳನ್ನು ಹುಡುಕಿ, ಗಾದೆಗೆ ಅದರ ಊರನ್ನು ಮರಳಿ ಕೊಡುವುದು ಪಿಎಚ್.ಡಿ. ಮಟ್ಟದ ಸಂಶೋಧನೆಗೆ ಯೋಗ್ಯವಾದ ವಿಷಯ. ಮಳೆಗಾದೆಗಳ ಮುಂದಿನ ಸಂಪುಟಗಳನ್ನು ಅಕಾರಾದಿಯ ಬದಲು ಸೀಮೆ ಮತ್ತು ಮಳೆಯ ಸರಣಿಯನ್ನು ಅನುಸರಿಸಿ ಜೋಡಿಸಿ, ಅಕಾರಾದಿ ಸೂಚಿಯನ್ನು ಕೊನೆಯಲ್ಲಿ ಕೊಡಬಹುದು.

ಈ ಕೆಲಸಕ್ಕೆ ಕಾಲಮಿತಿಯಿದೆ. ಮಳೆಯನ್ನೇ ನೆಚ್ಚಿ ಎತ್ತಿನ ಬೇಸಾಯ ಮಾಡಿದ ತಲೆಮಾರು ಮರೆಯಾಗುತ್ತಿದೆ. ಕೊಳವೆಬಾವಿಯ ನೀರಿಗೆ ಬಿತ್ತುವವರಿಗೆ ಭರಣಿ, ರೋಹಿಣಿಗಳ ಭೇದ ಬೇಕಾಗುವುದಿಲ್ಲ. ಇನ್ನೊಂದು ಕಡೆ, ಮಳೆಯ ನಡೆ ಬದಲಾಗುತ್ತಿರುವ ಈ ಕಾಲದಲ್ಲಿ ಯಾವ ಹಳೆಯ ಸೂಚನೆ ಎಲ್ಲಿ ಇನ್ನೂ ನಿಲ್ಲುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ತಿಳಿಯುವ ಅಗತ್ಯ ಹಿಂದೆಂದಿಗಿಂತಲೂ ಹೆಚ್ಚಾಗಿದೆ. ಮೊದಲ ಮಳೆಗೆ ಹದವಾಯಿತೆಂದು ಬಿತ್ತಿ, ಮುಂದಿನ ಎರಡು ವಾರ ಒಣಗಿದರೆ ನಷ್ಟವಾಗುವುದು ಬೀಜ, ಗೊಬ್ಬರ, ಸಾಲದ ಹಣ. ಅಂಥ ರೈತನಿಗೆ ಗಾದೆಯ ಹಿರಿಮೆಯನ್ನು ಹಾಡಿದರೂ ಉಪಯೋಗವಿಲ್ಲ, ಅದನ್ನು ಹೀಗಳೆದರೂ ಉಪಯೋಗವಿಲ್ಲ. ತನ್ನ ಊರಿನ ಮಾತು ತನ್ನ ಊರಿನ ಮಳೆಗೆ ಎಷ್ಟು ವರ್ಷ ಒಪ್ಪಿತು, ಎಷ್ಟು ವರ್ಷ ತಪ್ಪಿತು ಎಂಬ ಲೆಕ್ಕವೊಂದಿದ್ದರೆ ಅದು ಅವನಿಗೆ ದಕ್ಕುತ್ತದೆ. ಆ ಲೆಕ್ಕದ ಮೊದಲ ಅಂಕಣವನ್ನು, ಅಂದರೆ ಊರಿನ ಮಾತನ್ನು ಊರಿನ ಸಮೇತ, ಬರೆದುಕೊಡಬೇಕಾದವರು ಕನ್ನಡದ ಅಧ್ಯಾಪಕರು ಮತ್ತು ಅವರ ವಿದ್ಯಾರ್ಥಿಗಳು.